ಬೇಯಿಸುವ ಬೆಂಕಿ, ಹೊಗೆಯ ಬೆಂಕಿ

ಮಾಂಸಕ್ಕೆ ಹೊಗೆ ಹಾಕುವುದೆಂದರೆ, ಉಪ್ಪು ಹಚ್ಚಿ ಹದಗೊಳಿಸಿದ ಮಾಂಸವನ್ನೋ, ಕೊಚ್ಚಿ ಮಸಾಲೆ ಬೆರೆಸಿ ತೆಳ್ಳನೆಯ ಪೊರೆಯೊಳಗೆ ತುಂಬಿದ ಸಾಸೇಜನ್ನೋ, ಜ್ವಾಲೆಯೇಳದೆ ಕನಲುತ್ತಿರುವ ಕಟ್ಟಿಗೆಯ ಹೊಗೆಯಲ್ಲಿ ಕೆಲವು ಗಂಟೆಗಳಿಂದ ಹಿಡಿದು ಕೆಲವು ವಾರಗಳವರೆಗೆ ತೂಗುಹಾಕಿ, ಹೊಗೆಯೊಳಗಿನ ಆವಿಗಳು ಅದರ ಮೈಗೆ ಇಳಿಯುವಂತೆ ಮಾಡುವ ಕೆಲಸ. ಫ್ರಿಜ್ ಬರುವುದಕ್ಕೆ ಮುಂಚೆ ಇದರ ಮುಖ್ಯ ಉದ್ದೇಶ ಮಾಂಸ ಕೆಡದಂತೆ ಕಾಯುವುದಾಗಿತ್ತು. ರುಚಿ ಅದರ ಬೆನ್ನಿಗೆ ಬಂದ ಲಾಭ. ಇಂದು ಮಾಂಸವನ್ನು ಕಾಯುವ ಹೊಣೆಯನ್ನು ತಂಪುಪೆಟ್ಟಿಗೆ ವಹಿಸಿಕೊಂಡಿರುವುದರಿಂದ, ಅಮೆರಿಕ, ಕೆನಡಾ ಮತ್ತು ಯುರೋಪಿನ ಮನೆಗಳ ಹಿತ್ತಲಿನಲ್ಲಿ ಹೊಗೆಪೆಟ್ಟಿಗೆ ಇಟ್ಟುಕೊಂಡವರು ಹೊಗೆ ಹಾಕುವುದು ರುಚಿಯೊಂದಕ್ಕಾಗಿಯೇ. ಹೀಗಿದ್ದೂ ಅವರಲ್ಲಿ ಬಹುಮಂದಿಯ ದೂರು ಎರಡೇ ಬಗೆಯದು: ಒಂದೋ ದಿನವಿಡೀ ಹೊಗೆಯಲ್ಲಿಟ್ಟರೂ ಮಾಂಸಕ್ಕೆ ಹೊಗೆಯ ರುಚಿಯೇ ಹತ್ತಲಿಲ್ಲ, ಇಲ್ಲವೇ ಹತ್ತಿದ್ದು ರುಚಿಯಲ್ಲ, ನಾಲಗೆಯ ಹಿಂಬದಿಯಲ್ಲಿ ಗಂಟೆಗಟ್ಟಲೆ ನಿಲ್ಲುವ ಕಹಿ. ಈ ಎರಡೂ ದೂರುಗಳ ಬೇರು ಒಂದೇ ಎಂಬುದನ್ನು, ಮತ್ತು ಅದು ಹೊಗೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಬೇಯಿಸುವ ಕೆಲಸವನ್ನೂ ಹೊಗೆ ಹಿಡಿಸುವ ಕೆಲಸವನ್ನೂ ಒಂದೇ ಬೆಂಕಿಗೆ ಒಪ್ಪಿಸಿದ್ದರಲ್ಲಿದೆ ಎಂಬುದನ್ನು ಈ ಸಮೀಕ್ಷೆ ತೋರಿಸಲು ಯತ್ನಿಸುತ್ತದೆ.

ಸಾಸೇಜ್ ಕಡ್ಡಿಗಳೆಂದರೆ ಕಿರುಬೆರಳಿನಷ್ಟು ದಪ್ಪದ, ಒಣಗಿಸಿ ಹೊಗೆ ಹಾಕಿದ, ಪ್ರಯಾಣದಲ್ಲೋ ಬೇಟೆಯಲ್ಲೋ ಜೇಬಿನಿಂದ ತೆಗೆದು ಹಾಗೆಯೇ ಕಡಿದು ತಿನ್ನುವ ಸಾಸೇಜುಗಳು. ಪೋಲೆಂಡಿನ ಕಬಾನೊಸ್, ದಕ್ಷಿಣ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಒತ್ತಿ ಚಪ್ಪಟೆ ಮಾಡಿ ತಣ್ಣನೆಯ ಹೊಗೆಯಲ್ಲಿ ಒಣಗಿಸುವ ಲ್ಯಾಂಡ್‌ಯೇಗರ್ ಇವುಗಳ ಹಿರಿಯರು. ಮಧ್ಯ ಟೆಕ್ಸಾಸಿಗೆ ವಲಸೆ ಹೋದ ಜರ್ಮನ್ ಮತ್ತು ಚೆಕ್ ಕಸಾಯಿಗಳು ಲಾಕ್‌ಹಾರ್ಟ್‌ನಂಥ ಊರುಗಳಲ್ಲಿ ಅಂಗಡಿಯ ಹಿಂಬದಿಯಲ್ಲೇ ಸಾಸೇಜಿಗೆ ಓಕ್ ಕಟ್ಟಿಗೆಯ ಹೊಗೆ ಹಾಕಿ ಮಾರುತ್ತಿದ್ದರು. 1928ರಲ್ಲಿ ಫಿಲಡೆಲ್ಫಿಯಾದ ಅಡಾಲ್ಫ್ ಲೆವಿಸ್ ರೂಪಿಸಿದ ಸ್ಲಿಮ್ ಜಿಮ್ ಈ ತಿನಿಸನ್ನು ಕಾರ್ಖಾನೆಯ ಸರಕಾಗಿಸಿತು. ಮನೆಯಲ್ಲಿ ಇದನ್ನು ಮಾಡಹೊರಟವರಿಗೆ ಎದುರಾಗುವ ಕಷ್ಟ ಇಡಿಯ ಹಂದಿತೊಡೆಗೆ ಹೊಗೆ ಹಾಕುವವರ ಕಷ್ಟಕ್ಕಿಂತ ಬೇರೆ: ಕಡ್ಡಿ ತೆಳ್ಳಗಿರುವುದರಿಂದ ತೂಕಕ್ಕೆ ಹೋಲಿಸಿದರೆ ಹೊಗೆ ತಾಗುವ ಮೈ ಬಹಳ ದೊಡ್ಡದು, ಆದರೆ ಅದೇ ಕಾರಣಕ್ಕೆ ಅದು ಬೇಗ ಬೆಂದುಹೋಗುತ್ತದೆ, ಹೊಗೆಗೆ ಸಿಗುವ ಹೊತ್ತು ಕಡಿಮೆ.

ಹೊಗೆಯಲ್ಲಿ ರುಚಿಯಾಗುವುದು ಯಾವುದು ಎಂಬುದನ್ನು ಅರಿಯಲು ಕಟ್ಟಿಗೆಯಿಂದಲೇ ಆರಂಭಿಸಬೇಕು. ಒಣ ಮರದ ಸುಮಾರು ಅರ್ಧದಷ್ಟು ಭಾಗ ನಾರಿನ ರೂಪದ ಸೆಲ್ಯುಲೋಸ್. ಅದರ ಸುತ್ತ ಹೆಣೆದುಕೊಂಡಿರುವುದು ಹೆಮಿಸೆಲ್ಯುಲೋಸ್ ಎಂಬ ಇನ್ನೊಂದು ಬಗೆಯ ಸಕ್ಕರೆಸರಪಣಿ. ಇವೆರಡನ್ನೂ ಗಾರೆಯಂತೆ ಬಂಧಿಸಿ ಮರಕ್ಕೆ ಗಡಸುತನ ಕೊಡುವುದು ಲಿಗ್ನಿನ್. ಬಿಸಿಯೇರಿದಂತೆ ಮೊದಲು ಒಡೆಯುವುದು ಹೆಮಿಸೆಲ್ಯುಲೋಸ್, ಸರಿಸುಮಾರು 200ರಿಂದ 300 ಡಿಗ್ರಿ ಸೆಲ್ಸಿಯಸ್ ನಡುವೆ. ಅದರಿಂದ ಹುಟ್ಟುವುದು ಮುಖ್ಯವಾಗಿ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನ ಹುಳಿ. ಸೆಲ್ಯುಲೋಸ್ ಒಡೆದಾಗ ಕಾರ್ಬೊನಿಲ್ ಎಂಬ ಗುಂಪಿನ ವಸ್ತುಗಳು ಬರುತ್ತವೆ. ಇವು ಮಾಂಸದ ಪ್ರೋಟೀನಿನೊಡನೆ ಕೂಡಿ, ರೊಟ್ಟಿ ಬೆಂದಾಗ ಬರುವ ಕೆಂಗಂದು ಬಣ್ಣದ ಜಾತಿಯ ಬಣ್ಣವನ್ನೇ ಕೊಡುತ್ತವೆ. ಲಿಗ್ನಿನ್ ಎಲ್ಲಕ್ಕಿಂತ ತಡವಾಗಿ, 300 ಡಿಗ್ರಿಯ ಆಚೆಗೆ, ನಿಧಾನವಾಗಿ ಒಡೆಯುತ್ತದೆ, ಮತ್ತು ಜನ 'ಹೊಗೆಯ ರುಚಿ' ಎಂದು ಗುರುತಿಸುವುದು ಅದರಿಂದ ಹುಟ್ಟುವ ಫೀನಾಲ್‌ಗಳನ್ನು. ಇವುಗಳಲ್ಲಿ ಗ್ವಾಯಕಾಲ್ ನಾಲಗೆಗೆ ತಿಳಿಯುವ ಹೊಗೆರುಚಿಗೂ ಸಿರಿಂಗಾಲ್ ಮೂಗಿಗೆ ತಿಳಿಯುವ ಹೊಗೆಗಂಪಿಗೂ ಹೆಚ್ಚು ಕಾರಣವೆಂದು ಆಹಾರ ರಸಾಯನ ತಜ್ಞರು ಹೇಳುತ್ತಾರೆ. ಲವಂಗದ ಗಂಪಿಗೆ ಕಾರಣವಾದ ಯೂಜಿನಾಲ್ ಕೂಡ ಇದೇ ಮನೆತನದ್ದಾಗಿ ಹೊಗೆಯಲ್ಲಿ ಅಲ್ಪ ಪ್ರಮಾಣದಲ್ಲಿ ಇರುತ್ತದೆ, ಹೊಗೆ ಹಾಕಿದ ಮಾಂಸದಲ್ಲಿ ಕೆಲವೊಮ್ಮೆ ಮಸಾಲೆಯ ಸುಳಿವು ಸಿಗುವುದು ಅದರಿಂದ.

ಹಾಗಾದರೆ ಬೆಂಕಿ ಹೆಚ್ಚಿದಷ್ಟೂ ರುಚಿ ಹೆಚ್ಚಬೇಕಲ್ಲ ಎಂದು ತೋರಬಹುದು, ಹಾಗಾಗುವುದಿಲ್ಲ. ಸುಮಾರು 400 ಡಿಗ್ರಿಯವರೆಗೆ ಫೀನಾಲ್‌ಗಳ ಇಳುವರಿ ಏರುತ್ತದೆ. ಅದರಾಚೆಗೆ ಶಾಖ ಏರಿದಷ್ಟೂ ಬೆಂಜೊಪೈರೀನ್ ಮೊದಲಾದ ಬಹುವಲಯ ಹೈಡ್ರೊಕಾರ್ಬನ್‌ಗಳು, ಅಂದರೆ ಹಲವು ಇಂಗಾಲದ ಉಂಗುರಗಳು ಬೆಸೆದುಕೊಂಡ, ಕ್ಯಾನ್ಸರ್‌ಕಾರಕವೆಂದು ಗುರುತಿಸಲಾದ ವಸ್ತುಗಳು ಹೆಚ್ಚುತ್ತ ಹೋಗುತ್ತವೆ. ಇನ್ನೊಂದು ಕೊನೆಯಲ್ಲಿ, ಗಾಳಿ ಸಾಲದೆ ಉಸಿರುಗಟ್ಟಿದ ಬೆಂಕಿಯಿಂದ ಏಳುವ ದಟ್ಟನೆಯ ಬಿಳಿಹಳದಿ ಹೊಗೆಯಲ್ಲಿ ಅರೆಬೆಂದ ಟಾರಿನ ಹನಿಗಳೇ ತುಂಬಿದ್ದು, ಅವು ತಣ್ಣನೆಯ ಮಾಂಸದ ಮೇಲೆ ಕೂತಾಗ ಕಹಿಯನ್ನೂ ಕಮಟು ವಾಸನೆಯನ್ನೂ ಬಿಡುತ್ತವೆ. ಮಲೆನಾಡಿನ ಹಳೆಯ ಅಡುಗೆಮನೆಗಳ ಸೂರಿನಿಂದ ಜೋತುಬೀಳುವ ಇಲ್ಲಣವನ್ನು ಬಲ್ಲವರಿಗೆ ಈ ವಸ್ತುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಳ್ಳೆಯ ಹೊಗೆ ಕಣ್ಣಿಗೆ ಬಡತನದ್ದಾಗಿಯೇ ಕಾಣುತ್ತದೆ: ತೆಳ್ಳಗೆ, ಹಿನ್ನೆಲೆಯಲ್ಲಿ ಕಪ್ಪು ಗೋಡೆಯಿದ್ದರೆ ಮಾತ್ರ ಗೊತ್ತಾಗುವಂತೆ, ತುಸು ನೀಲಿಯಾಗಿ. ಹನಿಗಳು ಬಹಳ ಸಣ್ಣವಿದ್ದಾಗ ಅವು ಬೆಳಕಿನ ನೀಲಿ ಭಾಗವನ್ನೇ ಹೆಚ್ಚಾಗಿ ಚದುರಿಸುತ್ತವೆ. ದೊಡ್ಡ ಹನಿಗಳು ಎಲ್ಲ ಬಣ್ಣವನ್ನೂ ಸಮನಾಗಿ ಚದುರಿಸಿ ಬೆಳ್ಳಗೆ ಕಾಣುತ್ತವೆ. ಹೊಗೆ ಸಾಲದೆಂದು ಬಿಳಿ ಹೊಗೆ ಎಬ್ಬಿಸುವವರು ರುಚಿಗೆ ಬದಲು ಟಾರನ್ನು ಕೂಡಿಸುತ್ತಿರುತ್ತಾರೆ.

ಈ ಮಾತಿಗೆ ಪ್ರಯೋಗದ ಬಲವೂ ಇದೆ. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಟೊರಿ ಸಂಶೋಧನಾ ಕೇಂದ್ರ ಮೀನಿಗೆ ಹೊಗೆ ಹಾಕುವ ಕಸುಬನ್ನು ವಿಜ್ಞಾನದ ಕಣ್ಣಿನಿಂದ ನೋಡಿದ ಮೊದಲ ಸಂಸ್ಥೆಗಳಲ್ಲಿ ಒಂದು. ಗಾಳಿ, ಶಾಖ, ತೇವ ಮೂರನ್ನೂ ಹಿಡಿತದಲ್ಲಿಡುವ ಟೊರಿ ಗೂಡು 1939ರಲ್ಲಿ ಅಲ್ಲಿಯೇ ರೂಪುಗೊಂಡಿತು. ಅದೇ ಕೇಂದ್ರದ ಫಾಸ್ಟರ್ ಮತ್ತು ಸಿಂಪ್ಸನ್ 1961ರಲ್ಲಿ ಪ್ರಕಟಿಸಿದ ಅಧ್ಯಯನ, ಕಣ್ಣಿಗೆ ಕಾಣುವ ಹೊಗೆಯ ಹನಿಗಳು ಮೀನಿನ ಮೇಲೆ ಕೂರುವುದರಿಂದ ಆಗುವ ಕೆಲಸ ಅಲ್ಪವೆಂದೂ, ಕಣ್ಣಿಗೆ ಕಾಣದ ಆವಿಗಳು ಮೇಲ್ಮೈಯ ತೇವದಲ್ಲಿ ಕರಗಿ ಒಳಸೇರುವುದೇ ಮುಖ್ಯವೆಂದೂ, ಹನಿಗಳು ಆವಿಯ ದಾಸ್ತಾನಿನಂತೆ ಮಾತ್ರ ಇರುತ್ತವೆಂದೂ ತೋರಿಸಿತು. ಹೊಗೆಯನ್ನು ಕಣ್ಣಿನಿಂದ ಅಳೆಯುವ ಅಭ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಅಲ್ಲಗಳೆಯುವ ಫಲಿತಾಂಶ ಬೇರೊಂದಿಲ್ಲ. ಟಾರು ಮತ್ತು ಬಹುವಲಯ ಹೈಡ್ರೊಕಾರ್ಬನ್‌ಗಳಲ್ಲಿ ಹೆಚ್ಚಿನವು ಹನಿಗಳಲ್ಲೇ ಇರುತ್ತವೆ ಎಂಬುದನ್ನೂ ಜೊತೆಗಿಟ್ಟು ನೋಡಿದರೆ, ಬೇಕಾದ್ದು ಕಾಣುವುದಿಲ್ಲ, ಕಾಣುವುದರಲ್ಲಿ ಬಹುಪಾಲು ಬೇಕಾಗಿಲ್ಲ ಎಂದಾಗುತ್ತದೆ.

ಮನೆಯ ಉಪಕರಣಗಳು ಎಡವುವುದು ಇಲ್ಲಿಯೇ. ವಿದ್ಯುತ್ ಹೊಗೆಪೆಟ್ಟಿಗೆಯಲ್ಲಿ ಬಿಸಿಯೇರಿಸುವ ಸುರುಳಿಯ ಪಕ್ಕದಲ್ಲೇ ಮರದ ಚಕ್ಕೆಗಳ ತಟ್ಟೆ ಇರುತ್ತದೆ. ಸುರುಳಿ ಉರಿದಾಗ ಚಕ್ಕೆ ಹೊಗೆಯಾಡುತ್ತದೆ, ಪೆಟ್ಟಿಗೆ ಬೇಕಾದಷ್ಟು ಬಿಸಿಯಾಗಿ ಸುರುಳಿ ತಾನಾಗಿ ಆರಿದೊಡನೆ ಹೊಗೆಯೂ ನಿಲ್ಲುತ್ತದೆ. ಸಾಸೇಜ್ ಕಡ್ಡಿಗೆ ಬೇಕಾದ ಕಡಿಮೆ ಶಾಖದಲ್ಲಿ ಸುರುಳಿ ಆರಿರುವ ಹೊತ್ತೇ ಹೆಚ್ಚು, ಆದ್ದರಿಂದ ಹೊಗೆ ಅತ್ಯಗತ್ಯವಾಗಿದ್ದಾಗಲೇ ಅದು ಸಿಗುವುದಿಲ್ಲ. 1980ರ ದಶಕದಲ್ಲಿ ಆರೆಗಾನ್ ರಾಜ್ಯದ ಮೌಂಟ್ ಏಂಜೆಲ್‌ನಲ್ಲಿ ಜೋ ಟ್ರೇಗರ್ ಬಳಕೆಗೆ ತಂದ ಗುಳಿಗೆ ಒಲೆಯ ಕಥೆ ಬೇರೆ. ಅದರಲ್ಲಿ ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳನ್ನು ತಿರುಪೊಂದು ಬೆಂಕಿಕುಂಡಕ್ಕೆ ಸ್ವಲ್ಪಸ್ವಲ್ಪವಾಗಿ ತಳ್ಳುತ್ತದೆ, ಬೀಸಣಿಗೆ ಗಾಳಿ ಊದುತ್ತದೆ. ಬೆಂಕಿ ಅಷ್ಟು ಶುಚಿಯಾಗಿ ಉರಿಯುತ್ತದೆಯೆಂದರೆ ಮಾಂಸ ಚೆನ್ನಾಗಿ ಬೇಯುತ್ತದೆ, ಹೊಗೆ ಮಾತ್ರ ಸಪ್ಪೆ. ಈ ಒಲೆಯನ್ನು ದೂಷಿಸಬೇಕಾಗಿಲ್ಲ, ಅದು ಒಲೆಯಾಗಿ ತನ್ನ ಕೆಲಸ ಮಾಡಿದೆ. ಇದ್ದಿಲ ಒಲೆಯಲ್ಲೂ ಇದ್ದಿಲಿನಿಂದ ಬರುವ ರುಚಿ ಅತ್ಯಲ್ಪ, ಏಕೆಂದರೆ ಕಟ್ಟಿಗೆಯನ್ನು ಇದ್ದಿಲಾಗಿಸುವಾಗಲೇ ಅದರ ಆವಿಗಳು ಹೊರಟುಹೋಗಿರುತ್ತವೆ. ಅಲ್ಲಿ ಜನ ಮೆಚ್ಚುವ ಗಂಪಿನಲ್ಲಿ ದೊಡ್ಡ ಪಾಲು ಕೆಂಡದ ಮೇಲೆ ಬಿದ್ದು ಉರಿದ ಕೊಬ್ಬಿನದು.

ಪರಿಹಾರವೆಂದರೆ ಎರಡು ಬೆಂಕಿಗಳನ್ನು ಬೇರ್ಪಡಿಸುವುದು. ಅಮೆರಿಕದ ಹವ್ಯಾಸಿಗಳು ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಅತ್ಯಂತ ಸರಳವಾದದ್ದು, ಹಳ್ಳಿಮನೆಗಳ ಮುಂದೆ ಕಂಬಕ್ಕೆ ಹೊಡೆಯುವ ತಗಡಿನ ಅಂಚೆಪೆಟ್ಟಿಗೆಯನ್ನು ಹೊಗೆಪೆಟ್ಟಿಗೆಯ ಪಕ್ಕದಲ್ಲಿಟ್ಟು ಕೊಳವೆಯಿಂದ ಎರಡನ್ನೂ ಜೋಡಿಸುವುದು. ಅಂಚೆಪೆಟ್ಟಿಗೆಯೊಳಗೆ ಜಾಲರಿಯ ತಟ್ಟೆಯೊಂದರಲ್ಲಿ ಸಾಲುಸಾಲಾಗಿ ಮಡಚಿಕೊಂಡ ಕಾಲುವೆಗಳಿದ್ದು, ಅವುಗಳಲ್ಲಿ ಒಣ ಮರದ ಹೊಟ್ಟು ತುಂಬಿರುತ್ತದೆ. ಒಂದು ಮೂಲೆಗೆ ಕಿಡಿ ತಾಗಿಸಿ, ಜ್ವಾಲೆ ಎದ್ದ ಮೇಲೆ ಊದಿ ಆರಿಸಿದರೆ, ಅಂಗುಲದಷ್ಟೂ ಅಗಲವಿಲ್ಲದ ಕೆಂಪು ಗೆರೆಯೊಂದು ಹೊಟ್ಟನ್ನು ತಿನ್ನುತ್ತ ಊದುಬತ್ತಿಯಂತೆ ತೆವಳುತ್ತದೆ. ಅದರ ಮುಂದೆ ಹೊಟ್ಟು ಹೊಂಬಣ್ಣಕ್ಕೂ ಆಮೇಲೆ ಕಾಫಿಬಣ್ಣಕ್ಕೂ ತಿರುಗುತ್ತದೆ, ಹಿಂದೆ ಬೂದಿ ಉಳಿಯುತ್ತದೆ, ನಡುವಿನ ಕಾಫಿಬಣ್ಣದ ಪಟ್ಟಿಯಿಂದಲೇ ಹೊಗೆ ಏಳುತ್ತದೆ. ಕಾಲುವೆಯ ಉದ್ದವನ್ನು ಅನುಸರಿಸಿ ಹತ್ತು ಹನ್ನೆರಡು ಗಂಟೆಗಳವರೆಗೂ ಇದು ನಡೆಯುತ್ತದೆ, ಮತ್ತು ಪೆಟ್ಟಿಗೆಯ ಶಾಖಕ್ಕೂ ಇದಕ್ಕೂ ಸಂಬಂಧವಿರುವುದಿಲ್ಲ. ಹೊಟ್ಟು ತೇವವಾಗಿದ್ದರೆ, ಅಥವಾ ಎತ್ತರದ ಬೆಟ್ಟದೂರುಗಳಲ್ಲಿ ಗಾಳಿಯೇ ತೆಳುವಾಗಿದ್ದರೆ, ಗೆರೆ ಅರ್ಧದಲ್ಲೇ ಸತ್ತುಹೋಗುವುದುಂಟು. ಹೊಟ್ಟನ್ನು ಮುಂಚಿತವಾಗಿ ಒಲೆಯಲ್ಲಿ ಒಣಗಿಸಿಕೊಳ್ಳುವುದು, ಗಾಳಿಕಂಡಿಯನ್ನು ಹಿಗ್ಗಿಸುವುದು ಇದಕ್ಕೆ ರೂಢಿಯ ಮದ್ದು. ಅಂಚೆಪೆಟ್ಟಿಗೆಯಿಂದ ಕೊಳವೆಯಲ್ಲಿ ಹಾದುಬರುವಾಗ ಹೊಗೆ ತಣಿಯುವುದರಿಂದ ಟಾರಿನ ದೊಡ್ಡ ಹನಿಗಳು ಕೊಳವೆಯ ಗೋಡೆಗೇ ಅಂಟಿ ಉಳಿಯುತ್ತವೆ. ಒಂದೆರಡು ಬಾರಿ ಬಳಸಿದ ಕೊಳವೆಯ ಒಳಗೆ ಬೆರಳಾಡಿಸಿದರೆ ಕೀಲೆಣ್ಣೆಯಂಥ ಕಪ್ಪು ಅಂಟು ಹತ್ತುತ್ತದೆ, ಕೊಳವೆಯಿಲ್ಲದಿದ್ದರೆ ಆ ಅಂಟು ಸಾಸೇಜಿನ ಮೇಲಿರುತ್ತಿತ್ತು. ಚಕ್ಕೆಗಳನ್ನು ನೀರಿನಲ್ಲಿ ನೆನೆಸಿಡಬೇಕೆಂಬ ಸಲಹೆ ಪುಸ್ತಕಗಳಲ್ಲಿ ಈಗಲೂ ಕಾಣಿಸುತ್ತದೆ. ನೆನೆದ ಚಕ್ಕೆಯಿಂದ ಮೊದಲು ಹೊರಡುವ ಬಿಳುಪು ಬರೀ ನೀರಾವಿ, ಅದು ಮುಗಿದ ಮೇಲಷ್ಟೇ ಹೊಗೆ.

ಹೊಗೆ ಸರಿಯಾಗಿದ್ದ ಮೇಲೆ ಅದನ್ನು ಬರಮಾಡಿಕೊಳ್ಳುವ ಮೈಯ ಪ್ರಶ್ನೆ ಏಳುತ್ತದೆ, ಮತ್ತು ಸಾಸೇಜ್ ಕಡ್ಡಿಗಳ ಮಟ್ಟಿಗೆ ಹೆಚ್ಚಿನ ಸೋಲುಗಳು ಇಲ್ಲಿ ಆಗುತ್ತವೆ. ಕಡ್ಡಿಯ ಪೊರೆ ಕುರಿಯ ಕರುಳಿನದಾಗಿರಬಹುದು, ಅಥವಾ ಮುಖ್ಯವಾಗಿ ದನದ ಚರ್ಮದ ಒಳಪದರದಿಂದ ತಯಾರಿಸುವ ಕೊಲಾಜೆನ್ ಪೊರೆಯಾಗಿರಬಹುದು. ಎರಡೂ ಹೊಗೆಯನ್ನು ಒಳಬಿಡುತ್ತವೆ, ಪ್ಲಾಸ್ಟಿಕ್ ಪೊರೆ ಬಿಡುವುದಿಲ್ಲ. ತುಂಬಿದ ಹೊಸತರಲ್ಲಿ ಪೊರೆಯ ಮೇಲೆ ನೀರು ಪಸರಿಸಿರುತ್ತದೆ. ಆವಿ ತೇವದಲ್ಲಿ ಕರಗುತ್ತದೆಯಾದ್ದರಿಂದ ತೊಟ್ಟಿಕ್ಕುವ ಮೈಯೇ ಒಳ್ಳೆಯದೆಂದು ಟೊರಿಯ ಫಲಿತಾಂಶವನ್ನು ಓದಿದವರು ವಾದಿಸಬಹುದು. ಆದರೆ ಹೀರಿಕೊಂಡ ಹೊಗೆ ಒಳಗಿಳಿಯುವ ಬದಲು ನೀರಿನೊಡನೆ ಹರಿದು ಕಡ್ಡಿಯ ಕೆಳತುದಿಯಲ್ಲಿ ಸೇರುತ್ತದೆ, ಮೈತುಂಬ ಕಂದುಗೆರೆಗಳು ಮೂಡುತ್ತವೆ, ಆಮ್ಲಗಳೇ ಮೊದಲು ಕರಗುವುದರಿಂದ ರುಚಿ ಹುಳಿಯಾಗುತ್ತದೆ. ಪೂರಾ ಒಣಗಿ ಕಾಗದದಂತಾದ ಪೊರೆಯೂ ಹೊಗೆಯನ್ನು ಹಿಡಿಯುವುದಿಲ್ಲ. ಬೇಕಾದ್ದು ಇವೆರಡರ ನಡುವಿನ ಸ್ಥಿತಿ: ಬೆರಳಿಟ್ಟರೆ ಒದ್ದೆಯೆನಿಸಬಾರದು, ತುಸು ಅಂಟಬೇಕು. ಕಸುಬುದಾರರು ಪೆಲಿಕಲ್ ಎಂದು ಕರೆಯುವುದು ಮಾಂಸದ ಮೇಲ್ಮೈಯ ಪ್ರೋಟೀನು ಹೀಗೆ ಅಂಟುಪದರವಾಗಿ ಬಿಗಿದುಕೊಂಡ ಸ್ಥಿತಿಯನ್ನು. ಇದಕ್ಕಾಗಿ ಕಡ್ಡಿಗಳನ್ನು ಒಂದಕ್ಕೊಂದು ತಾಗದಂತೆ ಕೋಲಿಗೆ ತೂಗುಹಾಕಿ, ಗಾಳಿಕಂಡಿಗಳನ್ನು ಪೂರಾ ತೆರೆದು, ಹೊಗೆಯಿಲ್ಲದೆಯೇ 50ರಿಂದ 55 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಇಡುತ್ತಾರೆ. ತಾಗಿಕೊಂಡಿದ್ದ ಕಡೆ ಪೊರೆ ಒಣಗದೆ, ಹೊಗೆ ಹತ್ತದೆ, ಬಿಳಿಚಿಕೊಂಡ ಉದ್ದನೆಯ ಕಲೆಯೊಂದು ಉಳಿಯುತ್ತದೆ. ಅವಸರದಲ್ಲಿ ತುಂಬಿದ ಪೆಟ್ಟಿಗೆಯನ್ನು ಆ ಕಲೆಗಳಿಂದಲೇ ಗುರುತಿಸಬಹುದು.

ಆಮೇಲೆ ಹೊಗೆ. 55ರಿಂದ 65 ಡಿಗ್ರಿಯ ನಡುವೆ, ಗಾಳಿಕಂಡಿಯನ್ನು ಅರೆಬರೆ ಮುಚ್ಚಿ, ಎರಡು ಮೂರು ಗಂಟೆ ಹೊಗೆ ಕೊಟ್ಟಾಗ ರುಚಿಯ ಬಹುಭಾಗ ಒಳಸೇರುತ್ತದೆ. ಮೇಲ್ಮೈಯ ಪ್ರೋಟೀನು ಬೆಂದು ಗಟ್ಟಿಯಾಗಿ ಒಣಗುತ್ತ ಹೋದಂತೆ ಅದು ಹೊಗೆಗೆ ಒಗ್ಗುವುದು ಕಡಿಮೆಯಾಗುವುದರಿಂದ, ಮೊದಲೇ ಬೇಯಿಸಿ ಆಮೇಲೆ ಹೊಗೆ ಕೊಟ್ಟರೆ ಪ್ರಯೋಜನ ಅಲ್ಪ. ಇದೇ ಹೊತ್ತಿನಲ್ಲಿ ಹೊಗೆಯ ಆಮ್ಲಗಳೂ ಕಾರ್ಬೊನಿಲ್‌ಗಳೂ ಪೊರೆಯ ಕೊಲಾಜೆನ್ನನ್ನು, ಚರ್ಮ ಹದ ಮಾಡುವಾಗ ಆಗುವಂತೆ ಬಿಗಿಗೊಳಿಸುತ್ತವೆ, ಕಡಿದಾಗ ಟಕ್ಕೆಂದು ಮುರಿಯುವ ಗುಣ ಬರುವುದು ಹೀಗೆ. ಕೊನೆಯ ಹಂತದಲ್ಲಿ ಪೆಟ್ಟಿಗೆಯ ಶಾಖವನ್ನು ನಿಧಾನವಾಗಿ 75ರಿಂದ 80 ಡಿಗ್ರಿಗೆ ಏರಿಸಿ, ಕಡ್ಡಿಯ ನಡುಭಾಗ 71 ಡಿಗ್ರಿ ಮುಟ್ಟುವವರೆಗೆ ಬೇಯಿಸಬೇಕು. ಕೊಚ್ಚಿದ ಮಾಂಸಕ್ಕೆ ಅಮೆರಿಕದ ಕೃಷಿ ಇಲಾಖೆ ಹೇಳುವ ಮಿತಿ ಇದೇ. ಬೇಗ ಮುಗಿಸುವ ಆಸೆಯಿಂದ ಶಾಖವನ್ನು 80ರಿಂದ ಮೇಲೇರಿಸಿದರೆ ಮಾಂಸ ಹಿಡಿದಿಟ್ಟುಕೊಂಡಿದ್ದ ಕೊಬ್ಬು ಕರಗಿ ಪೊರೆಯ ಕೆಳಗೆ ಜಮೆಯಾಗುತ್ತದೆ, ತಟ್ಟೆಗೆ ತೊಟ್ಟಿಕ್ಕುತ್ತದೆ, ಕಡ್ಡಿ ಸುಕ್ಕಾಗಿ ಪುಡಿಪುಡಿಯಾಗುತ್ತದೆ. ನಷ್ಟ ತಿನ್ನುವ ಹದಕ್ಕಷ್ಟೇ ಅಲ್ಲ: ಫೀನಾಲ್‌ಗಳು ಕೊಬ್ಬಿನಲ್ಲಿ ಚೆನ್ನಾಗಿ ಕರಗುವಂಥವು, ಹಾಗಾಗಿ ಹರಿದುಹೋದ ಕೊಬ್ಬಿನೊಡನೆ ಹೊಗೆಯ ರುಚಿಯೂ ಹರಿದುಹೋಗುತ್ತದೆ.

ಜರ್ಮನರು ಬ್ರೂವರ್ಸ್ಟ್ ಎಂದು ಕರೆಯುವ ಸಾಸೇಜುಗಳ ವರ್ಗ, ಅದರಲ್ಲೂ ವಿಯೆನ್ನಾದ ಹೆಸರಿನ ಸಣ್ಣ ಸಾಸೇಜು, ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿಕೊಂಡಿತ್ತು: ಅದಕ್ಕೆ ಮೊದಲು ಹೊಗೆ ಹಾಕಿ, ಬೇಕಾದ ಬಣ್ಣ ಬಂದೊಡನೆ ಹೊರತೆಗೆದು, ಕುದಿಯದ, 75-80 ಡಿಗ್ರಿಯ ಬಿಸಿನೀರಿನಲ್ಲಿ ಅದ್ದಿ ಬೇಯಿಸುತ್ತಾರೆ. ಹೊಗೆಗೆ ಹೊಗೆಯ ಬೆಂಕಿ, ಬೇಯುವುದಕ್ಕೆ ನೀರು. ಗಾಳಿಗಿಂತ ನೀರು ಶಾಖವನ್ನು ಬೇಗ ಮತ್ತು ಸಮನಾಗಿ ಮುಟ್ಟಿಸುವುದರಿಂದ ಕೊಬ್ಬು ಕರಗುವ ಭಯವೂ ಕಡಿಮೆ. ಪೆಟ್ಟಿಗೆಯಲ್ಲಿ ಕಡ್ಡಿಯ ಒಳಶಾಖ 60ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಿಂತುಬಿಡುವುದನ್ನು ಕಂಡು ಕಂಗೆಟ್ಟ ಹವ್ಯಾಸಿಗಳು ಇತ್ತೀಚೆಗೆ ಕಡ್ಡಿಗಳನ್ನು ಗಾಳಿ ತೆಗೆದ ಚೀಲದಲ್ಲಿಟ್ಟು ನೀರಿನಲ್ಲಿ ಬೇಯಿಸಲು ಆರಂಭಿಸಿರುವುದು ಹೊಸ ಶೋಧವೇನೂ ಅಲ್ಲ.

ಕಟ್ಟಿಗೆಯ ಜಾತಿಯ ಬಗ್ಗೆ ನಡೆಯುವಷ್ಟು ಚರ್ಚೆ ಬೇರೆ ಯಾವುದರ ಬಗ್ಗೆಯೂ ನಡೆಯುವುದಿಲ್ಲ, ಮತ್ತು ಇಷ್ಟು ಕಡಿಮೆ ಫಲ ಕೊಡುವ ಚರ್ಚೆಯೂ ಬೇರೊಂದಿಲ್ಲ. ಹಿಕರಿ, ಓಕ್, ಬೀಚ್, ಸೇಬು, ಚೆರ್ರಿ ಇವೆಲ್ಲ ಗಟ್ಟಿಮರಗಳು; ಇವುಗಳ ಲಿಗ್ನಿನ್ ಒಡೆದಾಗ ಗ್ವಾಯಕಾಲ್ ಮತ್ತು ಸಿರಿಂಗಾಲ್ ಎರಡೂ ಬರುತ್ತವೆ. ಪೈನ್, ಫರ್‌ಗಳಂಥ ಸೂಜಿಯೆಲೆ ಮರಗಳಲ್ಲಿ ಸಿರಿಂಗಾಲ್ ಬಹುಪಾಲು ಇಲ್ಲ, ಮೇಲಾಗಿ ರಾಳದ ಮಸಿ. ಹಾಗೆಂದು ಅವು ನಿಷಿದ್ಧವೆನ್ನಲೂ ಬರುವುದಿಲ್ಲ: ಜರ್ಮನಿಯ ಕಪ್ಪುಕಾಡಿನ ಹ್ಯಾಮ್, ಅಂದರೆ ಉಪ್ಪಿನಲ್ಲಿ ಹದಗೊಳಿಸಿದ ಹಂದಿತೊಡೆ, ಫರ್ ಮರದ ತಣ್ಣನೆಯ ಹೊಗೆಯಿಂದಲೇ ಹೆಸರು ಪಡೆದಿದೆ, ಮರವೇ ಅಪರೂಪವಾದ ಐಸ್‌ಲ್ಯಾಂಡಿನಲ್ಲಿ ಕುರಿಮಾಂಸಕ್ಕೆ ಒಣಗಿಸಿದ ಕುರಿಹಿಕ್ಕೆಯ ಹೊಗೆ ಹಾಕುತ್ತಾರೆ. ಒಂದೇ ಮರದ ಹೊಗೆ ಬೇರೆಬೇರೆ ಶಾಖದಲ್ಲಿ ತೋರುವ ವ್ಯತ್ಯಾಸ ಸೇಬಿಗೂ ಚೆರ್ರಿಗೂ ಇರುವ ವ್ಯತ್ಯಾಸಕ್ಕಿಂತ ದೊಡ್ಡದು. ಕರ್ನಾಟಕದಲ್ಲಿ ಪ್ರಯೋಗ ಮಾಡುವವರಿಗೆ ಮಾವು, ಹಲಸು, ಸೀಬೆ, ಕಾಫಿಗಿಡದ ಕಡ್ಡಿಗಳು ಚೆನ್ನಾಗಿ ಒಣಗಿದ್ದರೆ ಸಾಕು. ತಪ್ಪಿಸಬೇಕಾದವು ಮಾತ್ರ ಖಚಿತವಾಗಿ ಗೊತ್ತಿರಬೇಕು: ವಿಷದ ಕಣಗಿಲೆ, ಬಣ್ಣ ಬಳಿದ ಅಥವಾ ಔಷಧ ಹಚ್ಚಿದ ಮರ, ಅಂಟಿನ ಪ್ಲೈವುಡ್, ಮತ್ತು ಕರಾವಳಿಯಲ್ಲಿ ಧಾರಾಳವಾಗಿ ಸಿಗುವ ಗೇರುಬೀಜದ ಸಿಪ್ಪೆ, ಅದರ ಎಣ್ಣೆ ಚರ್ಮವನ್ನೇ ಸುಡುವಂಥದ್ದು.

ರುಚಿಗಾಗಿ ಕಡಿಮೆ ಶಾಖದಲ್ಲಿ ಹೆಚ್ಚು ಹೊತ್ತು ಎಂಬ ಸೂತ್ರದ ಇನ್ನೊಂದು ಮುಖ ಅಪಾಯದ್ದು. ಗಾಳಿಯಾಡದ, ತೇವವಿರುವ, ಬೆಚ್ಚಗಿನ ಸಾಸೇಜಿನ ಒಳಭಾಗ ಬಾಟುಲಿಸಂ ಎಂಬ ಮಾರಕ ವಿಷವೇರಿಕೆಯನ್ನುಂಟುಮಾಡುವ ಜೀವಾಣುವಿಗೆ ಹೇಳಿ ಮಾಡಿಸಿದ ಮನೆ; ರೋಗದ ಹೆಸರು ಬಂದಿರುವುದೇ ಸಾಸೇಜಿನ ಲ್ಯಾಟಿನ್ ಹೆಸರಾದ ಬಾಟುಲಸ್‌ನಿಂದ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ವುರ್ಟೆಂಬರ್ಗಿನಲ್ಲಿ ವೈದ್ಯನೂ ಕವಿಯೂ ಆಗಿದ್ದ ಯುಸ್ಟಿನಸ್ ಕೆರ್ನರ್ ಸಾಸೇಜಿನ ಈ ವಿಷವನ್ನು ವಿವರವಾಗಿ ವರ್ಣಿಸಿದ. 1895ರಲ್ಲಿ ಬೆಲ್ಜಿಯಮ್ಮಿನ ಎಲೆಜೆಲ್ ಗ್ರಾಮದಲ್ಲಿ ಶವಸಂಸ್ಕಾರಕ್ಕೆ ಬಂದಿದ್ದ ವಾದ್ಯಗಾರರು ಹ್ಯಾಮ್ ತಿಂದು ಕಾಯಿಲೆ ಬಿದ್ದಾಗ ಎಮಿಲ್ ವಾನ್ ಎರ್ಮೆಂಗೆಮ್ ಅದರಿಂದ ಜೀವಾಣುವನ್ನು ಬೇರ್ಪಡಿಸಿದ. ಹೊಗೆ ಮಾಂಸದ ಹೊರಮೈಯನ್ನಷ್ಟೇ ಕಾಯುತ್ತದೆ, ಒಳಗನ್ನು ಕಾಯುವುದು ನೈಟ್ರೈಟ್. ಅಮೆರಿಕದಲ್ಲಿ ಸಾಸೇಜಿಗೆ ಬಳಸುವ ಹದಗೊಳಿಸುವ ಉಪ್ಪಿನಲ್ಲಿ ಸೋಡಿಯಂ ನೈಟ್ರೈಟ್ ಶೇ. 6.25ರಷ್ಟಿರುತ್ತದೆ, ಉಳಿದದ್ದು ಸಾಮಾನ್ಯ ಉಪ್ಪು. ಕಿಲೋ ಮಾಂಸಕ್ಕೆ ಅದನ್ನು 2.5 ಗ್ರಾಂ ತೂಗಿ ಹಾಕಿದರೆ ನೈಟ್ರೈಟ್ ಸುಮಾರು 156 ಮಿಲಿಗ್ರಾಂ ಆಗುತ್ತದೆ, ಇದಕ್ಕಿಂತ ಹೆಚ್ಚು ಹಾಕಬಾರದು. ಊಟದ ಉಪ್ಪೆಂದು ಯಾರೂ ತಪ್ಪಾಗಿ ಬಳಸದಿರಲೆಂದು ಅದಕ್ಕೆ ಗುಲಾಬಿ ಬಣ್ಣ ಬೆರೆಸಿರುತ್ತಾರೆ. ನಮ್ಮ ಕಡೆಯ ಅಂಗಡಿಗಳಲ್ಲಿ ಪಿಂಕ್ ಸಾಲ್ಟ್ ಎಂದು ಮಾರುವ ಹಿಮಾಲಯದ ಕಲ್ಲುಪ್ಪಿಗೂ ಇದಕ್ಕೂ ಬಣ್ಣದ ಹೊರತು ಏನೂ ಸಂಬಂಧವಿಲ್ಲ. ಅದನ್ನು ಹಾಕಿ ಸಾಸೇಜ್ ಹೊಗೆಗಿಟ್ಟವರು ನೈಟ್ರೈಟ್ ಇಲ್ಲದೆಯೇ ಇಟ್ಟಂತಾಗುತ್ತದೆ. ಹಾಗೆಯೇ, ಇಡಿಯ ಮಾಂಸದ ಅಂಚಿನಲ್ಲಿ ಮೂಡುವ ಹೊಗೆಯ ಕೆಂಪುಂಗುರವನ್ನು ರುಚಿಯ ಗುರುತೆಂದು ಮೆಚ್ಚುವುದು ರೂಢಿಯಾದರೂ, ಅದು ಹೊಗೆಯ ಅನಿಲಗಳು ಮಾಂಸದ ಮಯೊಗ್ಲೋಬಿನ್ನಿನೊಡನೆ ಕೂಡಿ ಬಂದ ಬಣ್ಣವಷ್ಟೇ. ನೈಟ್ರೈಟ್ ಹಾಕಿದ ಕಡ್ಡಿ ಆದ್ಯಂತ ಕೆಂಪಾಗಿರುವುದರಿಂದ ಅದರಲ್ಲಿ ಉಂಗುರ ಹುಡುಕುವುದು ವ್ಯರ್ಥ.

ಕೊಡಗಿನಲ್ಲಿ ಮಳೆಗಾಲಕ್ಕೆಂದು ಹಂದಿಮಾಂಸವನ್ನು ಒಲೆಯ ಮೇಲೆ ಕಟ್ಟಿ ಹೊಗೆಯಲ್ಲಿ ಒಣಗಿಸುವ, ಮತ್ತು ನಾಗಾಲ್ಯಾಂಡಿನ ಮನೆಗಳಲ್ಲಿ ಇಂದಿಗೂ ನಡೆದಿರುವ ಇದೇ ಬಗೆಯ ಪದ್ಧತಿಯಲ್ಲಿ ನೈಟ್ರೈಟ್ ಇಲ್ಲವಲ್ಲ ಎಂಬ ಆಕ್ಷೇಪ ಸಹಜ. ಅಲ್ಲಿ ಮಾಂಸವನ್ನು ಕೊಚ್ಚಿ ಪೊರೆಯೊಳಗೆ ಮುಚ್ಚುವುದಿಲ್ಲ, ತುಂಡು ಮಾಡಿ ತೂಗುಬಿಡುತ್ತಾರೆ. ಉಪ್ಪೂ ಒಲೆಯ ಶಾಖವೂ ನೀರನ್ನು ಹೀರಿ ಅದನ್ನು ಒಣಗಿಸುತ್ತವೆ. ತಿನ್ನುವ ಮುನ್ನ ಮತ್ತೆ ಚೆನ್ನಾಗಿ ಬೇಯಿಸುತ್ತಾರೆ. ಮೂರೂ ಸಾಸೇಜ್ ಕಡ್ಡಿಗೆ ಅನ್ವಯಿಸುವುದಿಲ್ಲ. ಆದರೆ ರುಚಿಯ ದೃಷ್ಟಿಯಿಂದ ನೋಡಿದರೆ ಒಲೆಯ ಮೇಲಿನ ಮಾಂಸಕ್ಕೆ ಒಂದು ಅನುಕೂಲವಿದೆ: ಕೆಳಗಿನ ಬೆಂಕಿ ಅನ್ನ-ಸಾರಿಗೆಂದು ಉರಿಯುವುದು, ಮಾಂಸ ಅದರಿಂದ ಬೇಯಲು ಸಾಕಷ್ಟು ದೂರದಲ್ಲಿರುವುದು, ಹೊಗೆ ದಿನಕ್ಕೆ ನಾಲ್ಕಾರು ಗಂಟೆಯಂತೆ ತಣ್ಣಗೆ, ತೆಳುವಾಗಿ, ವಾರಗಟ್ಟಲೆ ತಾಗುವುದು. ದುಬಾರಿ ಹೊಗೆಪೆಟ್ಟಿಗೆಗೆ ಕೊಳವೆ ಜೋಡಿಸಿ ಹವ್ಯಾಸಿಗಳು ಪಡೆಯಲು ಹೆಣಗುವುದು ಇದನ್ನೇ.

ಬೆಂಕಿಯನ್ನೇ ಬಿಟ್ಟು ಹೊಗೆಯ ರುಚಿ ಪಡೆಯುವ ದಾರಿಗಳೂ ಇವೆ. 1895ರಲ್ಲಿ ಕ್ಯಾನ್ಸಸ್ ಸಿಟಿಯ ಔಷಧ ವ್ಯಾಪಾರಿ ಅರ್ನೆಸ್ಟ್ ರೈಟ್ ಹೊಗೆಯನ್ನು ತಣಿಸಿ ದ್ರವವಾಗಿಸಿ ಸೀಸೆಯಲ್ಲಿ ಮಾರತೊಡಗಿದ. ಅದರ ವಂಶದ ದ್ರವಹೊಗೆ ಇಂದು ಕಾರ್ಖಾನೆಯ ಸಾಸೇಜುಗಳಲ್ಲಿ ಸರ್ವೇಸಾಮಾನ್ಯ. ಅದು ನಿಜವಾದ ಹೊಗೆಯ ಸಾರವೇ ಆಗಿದ್ದರೂ ತೀರ ಹುಳಿಯಾದದ್ದು. ಮಾಂಸಕ್ಕೆ ಕಲಸುವಾಗ ಅಳತೆ ತಪ್ಪಿದರೆ ಪ್ರೋಟೀನಿನ ಬಿಗಿ ಸಡಿಲಿ ಕಡ್ಡಿ ಉದುರುದುರಾಗುತ್ತದೆ. ಸ್ಪೇನಿನ ಲಾ ವೆರಾ ಸೀಮೆಯಲ್ಲಿ ಓಕ್ ಹೊಗೆಯ ಮೇಲೆ ಎರಡು ವಾರ ಒಣಗಿಸಿ ಬೀಸುವ ಮೆಣಸಿನಪುಡಿಯನ್ನು ಮಸಾಲೆಗೆ ಬೆರೆಸುವುದು ಇದಕ್ಕಿಂತ ಸುರಕ್ಷಿತ ಉಪಾಯ, ಮತ್ತು ಹೊರಗಿನ ಹೊಗೆ ಅಷ್ಟಾಗಿ ತಲುಪದ ಕಡ್ಡಿಯ ನಡುಭಾಗಕ್ಕೂ ಅದು ರುಚಿ ಕೊಡುತ್ತದೆ. ಯುರೋಪಿನ ಕಾನೂನು ಎರಡು ಕಡೆಯಿಂದಲೂ ಬಿಗಿಯಾಗುತ್ತಿದೆ: 2014ರ ಸೆಪ್ಟೆಂಬರಿನಿಂದ ಹೊಗೆ ಹಾಕಿದ ಮಾಂಸದಲ್ಲಿ ಬೆಂಜೊಪೈರೀನ್ ಕಿಲೋಗೆ 2 ಮೈಕ್ರೋಗ್ರಾಂ ಮೀರಬಾರದೆಂಬ ನಿಯಮ ಬಂದಿತು, 2023ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ ಎಂಟು ಹೊಗೆಸಾರಗಳ ಬಗ್ಗೆ ವಂಶವಾಹಿಗಳಿಗೆ ಹಾನಿಯ ಶಂಕೆ ವ್ಯಕ್ತಪಡಿಸಿದ ಮೇಲೆ, 2024ರಲ್ಲಿ ಅವುಗಳ ಪರವಾನಗಿಯನ್ನು ನವೀಕರಿಸದೆ, ಹ್ಯಾಮ್, ಮೀನು, ಚೀಸ್‌ನಂಥವುಗಳಿಗೆ 2029ರವರೆಗಷ್ಟೇ ಅವಕಾಶ ಕೊಡಲಾಯಿತು. ಸಂಸ್ಕರಿಸಿದ ಮಾಂಸವನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿರುವುದನ್ನೂ ಗಮನಿಸಿದರೆ, ಸಾಸೇಜ್ ಕಡ್ಡಿ ದಿನನಿತ್ಯದ ಆಹಾರವಲ್ಲ, ಅಪರೂಪದ ತಿನಿಸು.

ಪೆಟ್ಟಿಗೆಯಿಂದ ತೆಗೆದ ಕಡ್ಡಿಗಳ ಮೇಲೆ ತಣ್ಣೀರು ಚಿಮುಕಿಸಿ ಶಾಖ ಇಳಿಸಿ, ಗಂಟೆಯೊಂದರ ಮಟ್ಟಿಗೆ ಕೋಣೆಯಲ್ಲಿ ತೂಗುಬಿಟ್ಟರೆ ಬಣ್ಣ ಗಾಢವಾಗುತ್ತದೆ. ಆಮೇಲೆ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡುವುದು ವಾಡಿಕೆ. ಹೊಸತರಲ್ಲಿ ಮೇಲ್ಮೈಯಲ್ಲೇ ಇದ್ದ ಹೊಗೆಯ ವಸ್ತುಗಳು ಈ ಹೊತ್ತಿನಲ್ಲಿ ಕೊಬ್ಬಿನ ಮೂಲಕ ಒಳಕ್ಕೆ ಹರಡುತ್ತವೆ, ಒಗರು ಕರಗುತ್ತದೆ. ಮಾಡಿದವರಿಗೆ ಮಾತ್ರ ಇದು ತಿಳಿಯುವುದು ಕಷ್ಟ, ಏಕೆಂದರೆ ಇಡೀ ದಿನ ಹೊಗೆಯಲ್ಲಿ ನಿಂತ ಮೂಗು ಅದಕ್ಕೆ ಒಗ್ಗಿಹೋಗಿ ಫೀನಾಲಿನ ಗಂಪನ್ನು ದಾಖಲಿಸುವುದನ್ನೇ ನಿಲ್ಲಿಸಿರುತ್ತದೆ, ಬಟ್ಟೆ, ಕೂದಲುಗಳಲ್ಲಿ ಕೂತ ಹೊಗೆ ಸ್ನಾನವಾಗುವವರೆಗೂ ಅದನ್ನು ಹಾಗೆಯೇ ಇಟ್ಟಿರುತ್ತದೆ. ಹೊಗೆ ಹತ್ತಲಿಲ್ಲವೆಂಬ ದೂರುಗಳಲ್ಲಿ ಎಷ್ಟೋ ಹುಟ್ಟುವುದು ಆ ಸಂಜೆಯೇ ರುಚಿ ನೋಡಿದ್ದರಿಂದ, ಮತ್ತು ಮುಂದಿನ ಬಾರಿ ಹೊಗೆಯನ್ನು ಇಮ್ಮಡಿಸಿ ಕಡ್ಡಿಯನ್ನು ಕಹಿ ಮಾಡುವುದೂ ಅದೇ ಮೂಗನ್ನು ನಂಬಿದ್ದರಿಂದ. ಆದ್ದರಿಂದ ಅನುಭವಿಗಳು ಮರುದಿನ ಬೆಳಿಗ್ಗೆಯವರೆಗೆ ಕಾದು, ಮೊದಲ ತುಂಡನ್ನು ಹಿಂದಿನ ದಿನ ಹಿತ್ತಲಿನ ಕಡೆಗೇ ಸುಳಿಯದಿದ್ದವರ ಕೈಗೆ ಕೊಡುತ್ತಾರೆ.